ಹನ್ನೊಂದನೇ ಹಾಸಿಗೆಯ ವಾಸನೆ

ಸತ್ಯಮೂರ್ತಿ ರಾಯರು ಅಡುಗೆಯ ರುಚಿ ನೋಡುವವರಲ್ಲ. ಮಾಟುಂಗದ ಒಂದು ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷದಿಂದ ಸಾರು, ಹುಳಿ, ಪಲ್ಯ ಎಲ್ಲ ಅವರ ಕೈಯಲ್ಲೇ ಆಗುತ್ತದೆ. ಒಂದು ದಿನವೂ ಸೌಟಿನಿಂದ ಅಂಗೈಗೆ ಹನಿ ಬಿಟ್ಟುಕೊಂಡು ನೆಕ್ಕಿದ್ದಿಲ್ಲ. ಒಲೆಯ ಮೇಲಿನ ಗೂಡಿನಲ್ಲಿ ಮಸಿ ಹಿಡಿದ ಕೃಷ್ಣನ ಪಟ ಇದೆ. ಮೊದಲ ಸೌಟು ಅವನ ಮುಂದೆ ಇಡುವ ತನಕ ಯಾರ ನಾಲಗೆಗೂ ತಾಗಕೂಡದು. ಹಾಗಾದರೆ ಉಪ್ಪು ಬಿದ್ದಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಮೂಗಿನಿಂದ. ಮುಚ್ಚಳ ಸರಿಸಿ, ಕಣ್ಣು ಮುಚ್ಚಿ ನಿಂತು, “ಇನ್ನೊಂದು ಚಿಟಿಕೆ” ಎನ್ನುತ್ತಾರೆ. ಅಷ್ಟೇ. ಮೂಸುವುದೂ ತಪ್ಪು ಎನ್ನುವ ಮಡಿವಂತರಿದ್ದಾರೆ. ರಾಯರು ಅವರ ಜೊತೆ ವಾದಕ್ಕೆ ಹೋಗುವುದಿಲ್ಲ. “ನಾನೆಲ್ಲಿ ಮೂಸಿದೆ? ಹಬೆ ತಾನಾಗಿ ಬಂದು ಹೇಳಿದರೆ ನಾನು ಎಂತ ಮಾಡುವುದು?” ಎಂದು ನಗುತ್ತಾರೆ.

ಆ ಮೂಗು ಮಗಳಿಗೆ ಬಂದಿತ್ತು. ಆಂಟಾಪ್ ಹಿಲ್‌ನ ಬಿಲ್ಡಿಂಗಿನ ಮೂರನೇ ಮಾಳಿಗೆಯಲ್ಲಿ ಕೂತು, ಕೆಳಗೆ ಯಾರ ಮನೆಯ ಹಾಲು ತಳ ಹತ್ತಿತು, ಯಾರ ಮನೆಯ ದೋಸೆ ಹಿಟ್ಟು ಹುಳಿ ಮೀರಿತು ಎಂದು ಸುಪ್ರಜಾ ಐದನೇ ವಯಸ್ಸಿಗೇ ಹೇಳುತ್ತಿದ್ದಳು. “ಇವಳನ್ನು ಕಟ್ಟಿಕೊಳ್ಳುವವನು ಪಾಪ, ಹೊರಗೆ ಎಂತ ತಿಂದು ಬಂದರೂ ಸಿಕ್ಕಿಬೀಳ್ತಾನೆ” ಎಂದು ಅಮ್ಮ ಸರಸ್ವತಿ ಹಾಸ್ಯ ಮಾಡುವುದಿತ್ತು.

ದೇವರು ಕೊಟ್ಟದ್ದು ಕೆಲವು ಸಲ ಕೈಗೆ ಬಂದ ಕೂಡಲೇ ಸುಡುತ್ತದೆ. ನರ್ಸಿಂಗ್ ಎರಡನೇ ವರ್ಷದಲ್ಲಿ, ದೊಡ್ಡ ಆಸ್ಪತ್ರೆಯ ಹೆಂಗಸರ ಸರ್ಜಿಕಲ್ ವಾರ್ಡಿಗೆ ಕಾಲಿಟ್ಟ ದಿನ ಸುಪ್ರಜಾಳಿಗೆ ಆದದ್ದು ಅದೇ. ಉಳಿದ ಹುಡುಗಿಯರಿಗೆ ಅಲ್ಲಿ ಫಿನೈಲಿನ ವಾಸನೆ. ಇವಳಿಗೆ ಫಿನೈಲಿನ ಅಡಿಯಲ್ಲಿ ಮೂತ್ರ, ಮೂತ್ರದ ಅಡಿಯಲ್ಲಿ ಹಳೆಯ ರಕ್ತ, ಅದರ ಅಡಿಯಲ್ಲಿ ಹೆಸರಿಲ್ಲದ್ದು ಇನ್ನೂ ಏನೇನೋ.

ಹನ್ನೊಂದನೇ ಹಾಸಿಗೆಯಲ್ಲಿ ರಾಚವ್ವ ಇದ್ದಳು. ವಿಜಯಪುರದ ಕಡೆಯವಳು, ಅರವತ್ತು ದಾಟಿದ ಹೆಂಗಸು. ಮಗಳು ಸೋಮವ್ವ ಮಲಾಡಿನಲ್ಲಿ ಏಳುತ್ತಿದ್ದ ಒಂದು ಬಿಲ್ಡಿಂಗಿನಲ್ಲಿ ಗಾರೆ ಹೊರುತ್ತಿದ್ದಳು. ರಾಚವ್ವ ಅಲ್ಲೇ ತಗಡಿನ ಶೆಡ್ಡಿನಲ್ಲಿ ರೊಟ್ಟಿ ಬಡಿದುಕೊಂಡು ಮೊಮ್ಮಕ್ಕಳನ್ನು ನೋಡಿಕೊಂಡಿದ್ದವಳು. ಬಲಗಾಲಿಗೆ ಮೊಳೆ ಚುಚ್ಚಿತ್ತು. ಸಕ್ಕರೆ ಕಾಯಿಲೆಯ ಕಾಲು, ನೋವೇ ಗೊತ್ತಾಗಿರಲಿಲ್ಲ. ಗೊತ್ತಾಗುವಷ್ಟರಲ್ಲಿ ಬೆರಳುಗಳ ಸಂದಿಯಲ್ಲಿ ಹುಣ್ಣು ಕೊರೆದಿತ್ತು.

ಮೊದಲ ದಿನ ಆ ಬ್ಯಾಂಡೇಜು ಬಿಚ್ಚಿದಾಗ ಸುಪ್ರಜಾ ಮೂರನೇ ಸುತ್ತಿಗೇ ಮುಖ ತಿರುಗಿಸಿದಳು. ಬೇಸಿನ್ನಿನ ತನಕ ಹೋಗಲಾಗಲಿಲ್ಲ. ಹಾಸಿಗೆಯ ಪಕ್ಕದಲ್ಲೇ, ರಾಚವ್ವನ ಕಣ್ಣೆದುರಿಗೇ ವಾಂತಿಯಾಯಿತು. ವಾರ್ಡಿನ ಮರಾಠಿ ಆಯಾ ರುಕ್ಮಿಣಿಬಾಯಿ ಬಕೆಟ್ಟು ತಂದು, “ಅಗ ಪೋರಿ, ಪೇಶೆಂಟು ಗಟ್ಟಿ ಇದ್ದಾಳೆ, ನರ್ಸು ಬಿದ್ದಳು!” ಎಂದು ನಕ್ಕಳು. ರಾಚವ್ವ ಮಾತ್ರ ನಗಲಿಲ್ಲ. ಕಾಲಿನ ಮೇಲೆ ಸೆರಗು ಎಳೆದುಕೊಂಡು, “ತಪ್ಪಾತು ತಂಗಿ, ನಂದ ತಪ್ಪಾತು” ಎಂದಳು. ಅದು ಸುಪ್ರಜಾಳಿಗೆ ಹೊಡೆದಂತಾಯಿತು.

ಕಲಿಸುವ ವಿನೋದಿನಿ ಮೇಡಂ ಅವಳನ್ನು ಹೊರಗೆ ಕರೆದರು. ಮಂಗಳೂರಿನವರು. ಮೆತ್ತಗೆ ಮಾತಾಡುತ್ತಾರೆ, ಅದಕ್ಕೇ ಹೆದರಿಕೆ ಜಾಸ್ತಿ.

“ಎಂತ ಸುಪ್ರಜಾ, ವಾಂತಿ ಬರುವುದು ದೊಡ್ಡದಲ್ಲ. ರೋಗಿಯಿಂದ ಮುಖ ತಿರುಗಿಸಿದಿ ನೋಡು, ಅದು ದೊಡ್ಡದು. ನಿನಗೆ ಈ ವಾರ್ಡಿನಲ್ಲಿ ಇನ್ನು ಹತ್ತು ದಿನ ಇದೆ. ಇನ್ನೊಂದು ಸಲ ಹೀಗಾದರೆ ನಾನು ಈ ಪೋಸ್ಟಿಂಗಿಗೆ ಸಹಿ ಹಾಕುವುದಿಲ್ಲ. ಸಹಿ ಇಲ್ಲದಿದ್ದರೆ ಈ ಸಲದ ಪರೀಕ್ಷೆ ಇಲ್ಲ. ಗೊತ್ತುಂಟಲ್ಲ?”

ಗೊತ್ತಿತ್ತು.

ಅಲ್ಲಿಂದ ಶುರುವಾಯಿತು ಅವಳ ಉಪಾಯಗಳ ಸಾಲು. ಬಾಯಿಂದ ಉಸಿರಾಡಿದಳು, ವಾಸನೆ ನಾಲಗೆಗೆ ಬಂದು ಕೂತಂತಾಯಿತು. ಲವಂಗ ಕಚ್ಚಿಕೊಂಡಳು, ಲವಂಗವೂ ಹುಣ್ಣೂ ಸೇರಿ ಮೂರನೆಯದೇ ಒಂದು ವಾಸನೆ ಹುಟ್ಟಿ, ಆಮೇಲೆ ಅಪ್ಪನ ಪಾಯಸವನ್ನೂ ಮುಟ್ಟಲಾಗಲಿಲ್ಲ. ನೂರರಿಂದ ಹಿಂದಕ್ಕೆ ಎಣಿಸಿದಳು. ಕೃಷ್ಣ ಕೃಷ್ಣ ಎಂದಳು. ದಿನಾ ಹೊಟ್ಟೆ ಗಂಟಲಿನ ತನಕ ಬಂದು ಅಲ್ಲೇ ನಿಲ್ಲುತ್ತಿತ್ತು. ಬೆಳಿಗ್ಗೆ ಬಸ್ಸು ಇಳಿದು ಆಸ್ಪತ್ರೆಯ ಗೇಟು ಕಂಡ ಕೂಡಲೇ ಬೆನ್ನು ಬೆವರುತ್ತಿತ್ತು.

ಕೊನೆಯ ದಿನಕ್ಕೆ ಮುಂಚಿನ ದಿನ, ಗೆಳತಿ ಲಾವಣ್ಯಾ ಬಟ್ಟೆ ಬದಲಿಸುವ ಕೋಣೆಯಲ್ಲಿ ತಲೆನೋವಿನ ಬಾಮಿನ ಡಬ್ಬಿ ಕೈಗಿಟ್ಟಳು. ವಿಕ್ರೋಳಿಯ ಹುಡುಗಿ, ಅರ್ಧ ಕನ್ನಡ ಅರ್ಧ ಹಿಂದಿ.

“ಲೇ, ಇಷ್ಟು ದಿನ ಸುಮ್ಮನೆ ಸತ್ತೆ ನೀನು. ಮೂಗಿನ ಒಳಗೆ ಹಚ್ಚು, ಡಬಲ್ ಮಾಸ್ಕ್ ಹಾಕು. ಬಸ್, ಖತಮ್. ಹೆಣ ಇದ್ದರೂ ಗೊತ್ತಾಗಲ್ಲ.”

“ಮೇಡಂಗೆ ಗೊತ್ತಾದರೆ?”

“ಅವರೇನು ನಿನ್ನ ಮೂಗಲ್ಲಿ ಕೈ ಹಾಕಿ ನೋಡ್ತಾರಾ?”

ಹಚ್ಚಿದಳು. ಕಣ್ಣಲ್ಲಿ ನೀರು ಬಂತು, ನೆತ್ತಿ ತಣ್ಣಗಾಯಿತು. ಆಮೇಲೆ ಲೋಕವೆಲ್ಲ ಒಂದೇ ವಾಸನೆಯಾಯಿತು. ಎಷ್ಟು ದಿನದ ಮೇಲೆ ಸುಪ್ರಜಾ ಹನ್ನೊಂದನೇ ಹಾಸಿಗೆಯ ಹತ್ತಿರ ನಗುತ್ತಾ ನಿಂತಳೋ! ಬ್ಯಾಂಡೇಜು ಬಿಚ್ಚಿದಳು, ತೊಳೆದಳು, ಒರೆಸಿದಳು, ಹೊಸದು ಸುತ್ತಿದಳು. ಹಳೆಯ ಬಟ್ಟೆ ಎಂದಿಗಿಂತ ಸ್ವಲ್ಪ ಹೆಚ್ಚು ಒದ್ದೆ ಇದ್ದದ್ದು ಕಣ್ಣಿಗೆ ಬಿತ್ತು, ಹಾಗೇ ಜಾರಿಯೂ ಹೋಯಿತು.

“ಇವತ್ತ ನಿನ್ನ ಮಾರಿ ಹೂವಿನಂಗ ಐತಿ ನೋಡ” ಎಂದಳು ರಾಚವ್ವ. ಅವಳ ಮುಖವೂ ಅರಳಿತ್ತು.

ದೂರದಿಂದ ನೋಡುತ್ತಿದ್ದ ವಿನೋದಿನಿ ಮೇಡಂ ತಲೆ ಆಡಿಸಿದರು. ಆ ಒಂದು ತಲೆಯಾಡಿಕೆಗೆ ಸುಪ್ರಜಾ ಹತ್ತು ದಿನ ಕಾದಿದ್ದಳು.

ಡ್ರೆಸ್ಸಿಂಗ್ ಹಾಳೆಯಲ್ಲಿ ಹುಣ್ಣಿನ ಅಳತೆ, ಬಣ್ಣ, ಸೋರಿಕೆ ಎಂದು ಒಂದೊಂದಕ್ಕೆ ಒಂದೊಂದು ಕಾಲಂ. ಕಡೆಯದು ವಾಸನೆ. ಅವಳು ಅಲ್ಲಿ ‘ಇಲ್ಲ’ ಎಂದು ಬರೆದು, ಕೆಳಗೆ ಹೆಸರು ಹಾಕಿದಳು. ನಿನ್ನೆಯ ತನಕ ಅಲ್ಲಿ ‘ಇದೆ’ ಎಂದಿತ್ತು, ಅವಳದೇ ಅಕ್ಷರದಲ್ಲಿ.

ಹತ್ತೂವರೆಗೆ ಡಾಕ್ಟರ್ ಅನಿಕೇತ್ ರೌಂಡಿಗೆ ಬಂದರು. ಅರವತ್ತು ರೋಗಿಗಳ ವಾರ್ಡು, ಹೊರಗೆ ವೆರಾಂಡದಲ್ಲಿ ಹಾಸಿಗೆಗೆ ಕಾದವರು ಇನ್ನೂ ಎಂಟು ಮಂದಿ. ಹಾಳೆ ನೋಡಿದರು. ಆಗಷ್ಟೇ ಕಟ್ಟಿದ ಬಿಳಿ ಬ್ಯಾಂಡೇಜು ನೋಡಿದರು. “ಜ್ವರ ಇಲ್ಲ, ವಾಸನೆಯೂ ಹೋಗಿದೆ. ಅಜ್ಜಿ, ಮನೆಗೆ ಹೋಗ್ತೀರಾ? ಎರಡು ಗಂಟೆಗೆ ಪೇಪರ್ ಮಾಡಿಕೊಡ್ತೀವಿ. ವಾರದ ಮೇಲೆ ತೋರಿಸಿ.”

ರಾಚವ್ವ ಕೈ ಜೋಡಿಸಿದಳು.

* * *

ಹನ್ನೆರಡೂವರೆಗೆ ಊಟ. ಕ್ಯಾಂಟೀನಿನ ಮೂಲೆಯ ಮೇಜಿನಲ್ಲಿ ಸುಪ್ರಜಾ ಮಾಸ್ಕ್ ಇಳಿಸಿ ಅಪ್ಪನ ಡಬ್ಬ ತೆಗೆದಳು. ಅಪ್ಪ ಬೆಳಿಗ್ಗೆ ಏಳಕ್ಕೇ ಹೋಟೆಲಿನಿಂದ ಕಳಿಸುವ ಡಬ್ಬ. ಅದನ್ನು ತೆರೆಯುವ ಮೊದಲೇ ಒಳಗಿರುವುದನ್ನು ಹೇಳುವುದು ಅವಳ ದಿನದ ಆಟ.

“ಹೇಳು, ಇವತ್ತು ಏನು?” ಎಂದಳು ಲಾವಣ್ಯಾ.

ಸುಪ್ರಜಾ ಮೂಗು ಹತ್ತಿರ ತಂದಳು. ಏನೂ ಇಲ್ಲ. ಮುಚ್ಚಳ ತೆಗೆದಳು. ಕೆಂಪು ಸಾರು, ಮೇಲೆ ಕೊತ್ತಂಬರಿ, ಇಂಗಿನ ಒಗ್ಗರಣೆ ಅಂಚಿಗೆ ಹತ್ತಿಕೊಂಡು ಕಾಣುತ್ತಿದೆ. ಬಗ್ಗಿದಳು. ಏನೂ ಇಲ್ಲ.

“ಅಪ್ಪ ಇವತ್ತು ಇಂಗು ಮರೆತಿದ್ದಾರೆ” ಎಂದಳು.

ಲಾವಣ್ಯಾ ಪಕ್ಕನೆ ನಕ್ಕಳು. “ಪಾಗಲ್, ಇಡೀ ಕ್ಯಾಂಟೀನಿಗೆ ನಿಮ್ಮಪ್ಪನ ಇಂಗು ಬರ್ತಾ ಇದೆ. ನಿನ್ನ ಮೂಗಲ್ಲಿ ಅರ್ಧ ಡಬ್ಬಿ ಬಾಮ್ ಇದೆ ಮರೆತೆಯಾ?”

ಸುಪ್ರಜಾ ನಗಲು ಹೋದಳು. ನಗು ಅರ್ಧದಲ್ಲಿ ನಿಂತಿತು.

ಅಪ್ಪನ ಇಂಗೇ ತಿಳಿಯದ ಮೂಗು ರಾಚವ್ವನ ಕಾಲಿನಲ್ಲಿ ವಾಸನೆ ಇಲ್ಲ ಎಂದು ಹೇಗೆ ಬರೆಯಿತು?

“ಲಾವಣ್ಯಾ, ನಾನು ‘ಇಲ್ಲ’ ಅಂತ ಬರೆದೆ.”

“ಏನು?”

“ವಾಸನೆ. ನನಗೆ ಗೊತ್ತೇ ಇಲ್ಲ ಅದು ಇತ್ತೋ ಇಲ್ಲವೋ. ಡಾಕ್ಟರು ಅದನ್ನು ನೋಡಿಯೇ ಅವಳನ್ನು ಕಳಿಸ್ತಿರೋದು.”

ಲಾವಣ್ಯಾ ಚಮಚ ಕೆಳಗಿಟ್ಟಳು. ದನಿ ತಗ್ಗಿಸಿ ಹೇಳಿದಳು. “ನೋಡು, ಜ್ವರ ಇಲ್ಲ. ಡಾಕ್ಟರ್ ನೋಡಿದ್ದಾರೆ. ನಾಳೆ ಸಹಿ. ಒಂದು ದಿನ ಚುಪ್ ಇರು ಯಾರ್. ವಾರದ ಮೇಲೆ ಹೇಗೂ ಬರ್ತಾಳಲ್ಲ ಅಜ್ಜಿ.”

ಒಂದು ವಾರ. ತಗಡಿನ ಶೆಡ್ಡು, ಕೆಸರು, ನೋವು ತಿಳಿಯದ ಕಾಲು. ಮತ್ತೆ, ಇನ್ನೊಂದು ಬದಿಗೆ, ನಾಳೆಯ ಸಹಿ. ‘ಮಗಳು ಪಾಸಾದರೆ ಕೃಷ್ಣನಿಗೆ ಹಾಲುಪಾಯಸ’ ಎಂದು ಹೋಟೆಲಿನ ಎಲ್ಲರಿಗೂ ಹೇಳಿಟ್ಟಿದ್ದ ಅಪ್ಪ. ಸುಪ್ರಜಾ ಡಬ್ಬದ ಮುಚ್ಚಳ ಹಾಕಿದಳು. ಗಡಿಯಾರ ಹನ್ನೆರಡು ಐವತ್ತು ತೋರಿಸುತ್ತಿತ್ತು.

ಕೈ ತೊಳೆಯುವ ನಲ್ಲಿಯ ಹತ್ತಿರ ಹೋಗಿ ಸಾಬೂನು ಹಚ್ಚಿದ ಬೆರಳನ್ನೇ ಮೂಗಿನೊಳಗೆ ತಿರುಗಿಸಿದಳು. ಬೆಂಕಿ ಹಚ್ಚಿದಂತೆ ಉರಿಯಿತು. ನೀರು ಎಳೆದಳು, ಸೀನಿದಳು, ಮತ್ತೆ ಎಳೆದಳು. ಬಾಮು ಅಷ್ಟು ಸುಲಭಕ್ಕೆ ಬಿಡುವ ಜಾತಿಯದ್ದಲ್ಲ. ಐದನೇ ಸಲಕ್ಕೆ, ತುಂಬ ದೂರದಿಂದ ಬರುವವರ ಹಾಗೆ, ಸಾಬೂನಿನ ವಾಸನೆ ಬಂತು.

ವಿನೋದಿನಿ ಮೇಡಂ ಕೆಳಗಿನ ಮಾಳಿಗೆಯಲ್ಲಿ ಮೀಟಿಂಗಿನಲ್ಲಿದ್ದರು. ಬಾಗಿಲು ಮುಚ್ಚಿತ್ತು. ತಟ್ಟಲು ಎತ್ತಿದ ಕೈಯನ್ನು ಸುಪ್ರಜಾ ಎರಡು ಸಲ ಇಳಿಸಿದಳು. ಮೂರನೆಯ ಸಲ ತಟ್ಟಿದಳು.

ಹೊರಗೆ ಬಂದ ಮೇಡಂ ಅವಳ ಕೆಂಪು ಮೂಗು, ಒದ್ದೆ ಕಾಲರು ನೋಡಿದರು. “ಎಂತ ಆಯಿತು?”

ಸುಪ್ರಜಾ ಹೇಳಿದಳು. ಬಾಮು ಹಚ್ಚಿದ್ದು, ಕಾಲಂ ತುಂಬಿದ್ದು, ಎರಡು ಗಂಟೆಗೆ ಡಿಸ್ಚಾರ್ಜ್ ಆಗುವುದು. ಕಾರಣ ಒಂದನ್ನೂ ಸೇರಿಸಲಿಲ್ಲ.

ಮೇಡಂ ಬೈಯಲಿಲ್ಲ. ಗಡಿಯಾರ ನೋಡಿ, “ನಡಿ” ಎಂದರು. ಮೆಟ್ಟಿಲು ಹತ್ತತೊಡಗಿದರು. ಬೈದಿದ್ದರೇ ಚೆನ್ನಾಗಿತ್ತು ಎಂದು ಸುಪ್ರಜಾಳಿಗೆ ಅನಿಸಿತು.

ರಾಚವ್ವ ಸೀರೆ ಬದಲಿಸಿ ಹಾಸಿಗೆಯ ಅಂಚಿಗೆ ಕೂತಿದ್ದಳು. ಚೀಲ ಕಟ್ಟಿ ಆಗಿತ್ತು. ಸಿಮೆಂಟು ಮೆತ್ತಿದ ಕಾಲಿನಲ್ಲೇ ಓಡಿ ಬಂದಿದ್ದ ಸೋಮವ್ವ, “ರಿಕ್ಷಾದವ ನಿಂತಾನ್ರೀ, ಕಾಗದಾ ಯಾವಾಗ ಕೊಡ್ತಾರ?” ಎಂದು ಕೇಳಿದಳು.

“ಒಂದು ಸಲ ಬಿಚ್ಚಿ ನೋಡ್ತೇವೆ ಅಮ್ಮ” ಎಂದರು ವಿನೋದಿನಿ.

“ಮುಂಜಾನಿ ಈ ತಂಗೀನ ಕಟ್ಟ್ಯಾಳಲ್ರೀ! ಮತ್ತ್ಯಾಕ?” ರಾಚವ್ವ ಸುಪ್ರಜಾಳ ಮುಖ ನೋಡಿದಳು.

“ಬೆಳಿಗ್ಗೆ ನಾನು ಸರಿಯಾಗಿ ನೋಡಲಿಲ್ಲ ಅಜ್ಜಿ” ಎಂದಳು ಸುಪ್ರಜಾ. “ತಪ್ಪು ನನ್ನದು.”

ಪರದೆ ಎಳೆದರು. ಕೈಗವಸು ಹಾಕಿಕೊಂಡಳು. ಈಗ ಒಂದೇ ಮಾಸ್ಕು. ಬ್ಯಾಂಡೇಜಿಗೆ ಕೈ ಹಾಕಿದಾಗ ಹಾಸಿಗೆಯ ಆ ತುದಿಯಿಂದ ಗಮ್ಮೆಂದು ಊದುಬತ್ತಿ. ಸುಪ್ರಜಾ ಹಾಸಿಗೆಯ ಹೊದಿಕೆ ಎತ್ತಿ ನೋಡಿದಳು. ಕಾಲ ಬುಡದಲ್ಲಿ, ರಬ್ಬರ್ ಹಾಳೆಯ ಅಡಿಯಲ್ಲಿ, ಹಚ್ಚದ ಊದುಬತ್ತಿಯ ಎರಡು ಕಟ್ಟು.

“ಇದೆಂತ?” ಎಂದರು ಮೇಡಂ.

ರಾಚವ್ವ ತಲೆ ತಗ್ಗಿಸಿದಳು. “ನಿನ್ನಿ ಸಂಜಿಮುಂದ ರುಕ್ಮಿಣಿಬಾಯಿ ಕಡಿಂದ ತರಿಸೀನ್ರೀ. ಹುಡುಗಿ ದಿನಾ ಉಸರ ಹಿಡದ ನಿಲ್ಲತಿತ್ತು. ಪಾಪ, ನನ್ನ ನಾತಕ್ಕ ಅದರ ಹೊಟ್ಟಿ ತೊಳಸೂದು ನೋಡಾಕಾಗಲಿಲ್ಲ. ದೇವರ ಮುಂದ ಹಚ್ಚೂದು, ನನ್ನ ಕಾಲಿಗಿ ಇಟಗೊಂಡೆ. ಯಲ್ಲವ್ವ ಕ್ಷಮಾ ಮಾಡ್ತಾಳ.”

ಸುಪ್ರಜಾ ಎರಡೂ ಕಟ್ಟು ತೆಗೆದು ದೂರದ ಕಿಟಕಿಯಲ್ಲಿ ಇಟ್ಟು ಬಂದಳು.

ಮೊದಲ ಸುತ್ತು. ಎರಡನೆಯದು. ಮೂರನೆಯದು ಬರುವಾಗ ಮೈಯೆಲ್ಲ ತಾನಾಗಿ ಹಿಂದಕ್ಕೆ ಜಗ್ಗಿತು. ಅವಳು ಪಾದದ ಹೆಬ್ಬೆರಳುಗಳನ್ನು ಬೂಟಿನೊಳಗೆ ಒತ್ತಿ ನಿಂತಳು. ಅಪ್ಪ ಕಡಾಯಿಯ ಮುಂದೆ ನಿಲ್ಲುವುದು ನೆನಪಾಯಿತು. ಹಬೆ ಮುಖಕ್ಕೆ ರಾಚಿದರೂ ಅಪ್ಪ ಹಿಂದೆ ಸರಿಯುವುದಿಲ್ಲ. ಅದು ಹೇಳಿ ಮುಗಿಸುವ ತನಕ ನಿಲ್ಲುತ್ತಾರೆ.

ಕಣ್ಣು ಮುಚ್ಚಿ ಒಂದು ಉಸಿರು ಎಳೆದಳು.

ಮೇಲೆ ಬಾಮಿನ ಕಡೆಯ ಎಳೆ. ಅದರ ಅಡಿಯಲ್ಲಿ ಔಷಧಿ. ಅದರ ಅಡಿಯಲ್ಲಿ ಹುಣ್ಣಿನ ಹಳೆಯ ವಾಸನೆ. ಹತ್ತು ದಿನದಿಂದ ಅವಳಿಗೆ ಪರಿಚಯ ಇರುವಂಥದ್ದು, ಒದ್ದೆ ಗೋಣಿಯ ಹಾಗಿನದ್ದು. ನಿಂತಳು. ಇನ್ನೊಂದು ಉಸಿರು. ಹಳೆಯದರ ಹಿಂದೆ ಮತ್ತೊಂದು ಇತ್ತು. ಹೊಸದು. ಸಿಹಿಗೊಂಡು ಕೊಳೆತದ್ದು, ಮುಚ್ಚಿಟ್ಟ ಪಾತ್ರೆಯದ್ದು.

“ಮೇಡಂ, ಇದೆ” ಎಂದಳು. “ಬೇರೆ ವಾಸನೆ. ನಿನ್ನೆ ಇರಲಿಲ್ಲ ಇದು.”

ವಿನೋದಿನಿ ಬಗ್ಗಿದರು. “ನನಗೆ ಮೊದಲಿನದ್ದೇ ಬರ್ತಾ ಉಂಟು. ಹುಣ್ಣು ನೋಡಿದರೆ ಮಾಯುವ ಹಾಗೆ ಕೆಂಪಾಗಿ ಚೆನ್ನಾಗಿದೆಯಲ್ಲ?”

“ಹುಣ್ಣಿನಿಂದಲ್ಲ ಮೇಡಂ.” ಸುಪ್ರಜಾ ಇನ್ನೂ ಬಗ್ಗಿದಳು. ಬೆರಳುಗಳಿಂದ ಅಂಗಾಲಿಗೆ, ಅಂಗಾಲಿನಿಂದ ಹಿಮ್ಮಡಿಯ ಕಡೆಗೆ ಮುಖ ಸರಿಸಿದಳು. ಹಣೆಯ ಬೆವರು ಕಣ್ಣಿಗಿಳಿಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. “ಈ ಕಡೆ. ಅಂಗಾಲಿನ ಗುಳಿಯ ಹತ್ತಿರ.”

ಮೇಡಂ ಅಲ್ಲಿ ಬೆರಳಿಟ್ಟು ಮೆಲ್ಲಗೆ ಒತ್ತಿದರು. ಚರ್ಮ ಮೇಲಿನಿಂದ ಏನೂ ಆಗದ ಹಾಗೆ ಇತ್ತು, ಒಂಚೂರು ಬಿಗಿ ಅಷ್ಟೇ. ಒತ್ತಿದ ಕೂಡಲೇ ಅತ್ತ ಬೆರಳ ಸಂದಿಯ ಹುಣ್ಣಿನಿಂದ ಕಂದು ನೀರು ಉಕ್ಕಿ ಬಂತು. ಈಗ ಚುರುಕು ಮೂಗಿನವರೇ ಬೇಕು ಎಂದಿರಲಿಲ್ಲ. ಪರದೆಯ ಆಚೆ ಯಾರೋ “ಅಯ್ಯಯ್ಯೋ” ಎಂದರು. ಸೋಮವ್ವ ಸೆರಗು ಮೂಗಿಗೆ ಒತ್ತಿದಳು. ರಾಚವ್ವ ಮಾತ್ರ, ತನ್ನ ಕಾಲಲ್ಲವೇನೋ ಎನ್ನುವಂತೆ, ಸುಪ್ರಜಾಳ ಮುಖವನ್ನೇ ನೋಡುತ್ತಿದ್ದಳು. ಈಗ ತಿರುಗಿಸುತ್ತಾಳೆ, ಈಗ ತಿರುಗಿಸುತ್ತಾಳೆ ಎಂದು ಕಾಯುವ ನೋಟ.

ಸುಪ್ರಜಾ ತಿರುಗಿಸಲಿಲ್ಲ. ಎರಡು ಸಲ ಬಾಯಿಗೆ ಬಂದದ್ದನ್ನು ನುಂಗಿದಳು. ಹರಿದದ್ದನ್ನು ಒರೆಸುತ್ತಾ, “ನೋವಿದೆಯಾ ಅಜ್ಜಿ?” ಎಂದಳು.

“ಇಲ್ಲ ತಂಗಿ. ಏನೂ ಗೊತ್ತಾಗೂದಿಲ್ಲ ನನಗ.”

“ಅನಿಕೇತ್ ಡಾಕ್ಟರನ್ನು ಕರೀರಿ, ಈಗಲೇ!” ಎಂದು ವಿನೋದಿನಿ ಕೂಗಿದರು. ಅವರು ದನಿ ಎತ್ತಿದ್ದನ್ನು ವಾರ್ಡು ಅವತ್ತೇ ಮೊದಲು ಕೇಳಿದ್ದು.

ಡಾಕ್ಟರು ಬಂದರು, ಒತ್ತಿದರು, ಹಾಳೆಯನ್ನೊಮ್ಮೆ ಸುಪ್ರಜಾಳನ್ನೊಮ್ಮೆ ನೋಡಿದರು. “ಕೀವು ಅಡಿಯಲ್ಲೇ ಹರಿದಿದೆ. ವಾರ ಬಿಟ್ಟು ಬಂದಿದ್ದರೆ ಮೊಣಕಾಲಿನ ತನಕ ಕತ್ತರಿಸಬೇಕಿತ್ತು. ಈಗಲೂ ಏನೆಂದು ಒಳಗೆ ನೋಡಿಯೇ ಹೇಳಬೇಕು.” ಡಿಸ್ಚಾರ್ಜ್ ಕಾಗದ ಮಡಚಿ ಜೇಬಿಗೆ ಹಾಕಿಕೊಂಡರು. ರುಕ್ಮಿಣಿಬಾಯಿ ಸ್ಟ್ರೆಚರ್ ತಂದಳು. ಆ ಹೊತ್ತಿಗೆ ಗಡಿಯಾರ ಎರಡು ಹೊಡೆದು ಹತ್ತು ನಿಮಿಷವಾಗಿತ್ತು.

ಸ್ಟ್ರೆಚರ್ ಬಾಗಿಲು ದಾಟಿದ ಮೇಲೆ ಸುಪ್ರಜಾ ಬೇಸಿನ್ನಿಗೆ ಓಡಿದಳು. ಬೆಳಗಿನಿಂದ ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಆದರೂ ಬಹಳ ಹೊತ್ತು ವಾಂತಿ ಮಾಡಿದಳು. ತಲೆ ಎತ್ತಿದಾಗ ಮೇಡಂ ಹಾಳೆ ಹಿಡಿದು ಪಕ್ಕದಲ್ಲಿ ನಿಂತಿದ್ದರು.

“ಬೆಳಗಿನದನ್ನು ಅಳಿಸಬೇಡ. ಓದಲಿಕ್ಕೆ ಬರುವ ಹಾಗೆ ಒಂದೇ ಗೆರೆ ಎಳೆ. ಕೆಳಗೆ ಸರಿಯಾದದ್ದು ಬರೆ. ಹೊತ್ತು ಹಾಕು, ಹೆಸರು ಹಾಕು.”

ಬರೆದಳು. ಅಕ್ಷರ ಡೊಂಕಾಯಿತು.

“ನಾಳೆ ನಾನು ಸಹಿ ಹಾಕುವುದಿಲ್ಲ ಸುಪ್ರಜಾ.”

“ಗೊತ್ತು ಮೇಡಂ.”

“ವಾಂತಿಗೆ ಅಲ್ಲ. ನೋಡದೆ ಬರೆದಿಯಲ್ಲ, ಅದಕ್ಕೆ. ಎರಡು ವಾರ ಇದೇ ವಾರ್ಡಿನಲ್ಲಿ ಮತ್ತೆ ಮಾಡು. ಪರೀಕ್ಷೆಗೆ ಹದಿನೇಳು ದಿನ ಇದೆ, ಹದಿನಾಲ್ಕು ದಿನ ಒಂದೂ ತಪ್ಪಿಸದಿದ್ದರೆ ಮುಟ್ಟುತ್ತಿ.” ಹೋಗುತ್ತಾ ಒಮ್ಮೆ ನಿಂತರು. “ಆ ಅಂಗಾಲಿನದ್ದು ನನಗೆ ಸಿಗಲಿಲ್ಲ ನೋಡು. ಎಲ್ಲಿ ಕಲಿತಿ?”

“ಅಪ್ಪ ಅಡುಗೆಯವರು ಮೇಡಂ” ಎಂದಳು ಸುಪ್ರಜಾ. ಮೇಡಂಗೆ ಅದು ಅರ್ಥವಾಯಿತೋ ಇಲ್ಲವೋ.

* * *

ರಾಚವ್ವನ ಎರಡು ಬೆರಳು ಹೋದವು. ಅಂಗಾಲು ಉದ್ದಕ್ಕೆ ಸೀಳಿ ತೊಳೆದಿದ್ದರು. ಕಾಲು ಉಳಿಯಿತು.

ನಾಲ್ಕನೆಯ ದಿನ ಬೆಳಿಗ್ಗೆ ಸುಪ್ರಜಾ ಹನ್ನೊಂದನೇ ಹಾಸಿಗೆಗೆ ಟ್ರಾಲಿ ತಳ್ಳಿಕೊಂಡು ಬಂದಾಗ ಅಲ್ಲಿ ಊದುಬತ್ತಿ ಇರಲಿಲ್ಲ. ಒಂದು ಮಾಸ್ಕು, ಬರಿಯ ಮೂಗು. ಬೆನ್ನು ಎಂದಿನಂತೆ ಬೆವರಿತು. ಬಿಚ್ಚಿದಳು. ಬಗ್ಗಿದಳು. ಕಣ್ಣು ಮುಚ್ಚಿ ನಿಂತಳು.

ರಾಚವ್ವ ಮೊಣಕೈ ಊರಿ ಎದ್ದು ಕೂತು ಕೇಳಿದಳು. “ಹೆಂಗೈತಿ ತಂಗಿ? ಖರೇ ಹೇಳ.”

“ನಿನ್ನೆಗಿಂತ ಕಡಿಮೆ ಅಜ್ಜಿ. ಇನ್ನೂ ಇದೆ.”

“ಅದ ಬೇರೇದ್ದು?”

“ಅದು ಇಲ್ಲ.”

ರಾಚವ್ವ ದಿಂಬಿಗೆ ಒರಗಿದಳು. ಸುಪ್ರಜಾ ತೊಳೆದು, ಹೊಸ ಬಟ್ಟೆ ಸುತ್ತಿ, ಪಟ್ಟಿ ಅಂಟಿಸಿದಳು. ಅಂಟಿಸುವಾಗ ಅವಳ ತುಟಿ ಬಿಳಿಚಿಕೊಂಡಿದ್ದು ಮುದುಕಿಗೆ ಕಂಡಿತು.

“ವಾಂತಿ ಬಂತೇನ?”

ಸುಪ್ರಜಾ ಹೌದೆಂದು ತಲೆಯಾಡಿಸಿದಳು.

“ಹೋಗ್ಬಾ ಹಂಗಾರ, ಮುಗಿಸ್ಕೊಂಡ ಬಂದ ಹಾಳ್ಯಾಗ ಬರಿಯಂತಿ” ಎಂದಳು ರಾಚವ್ವ. “ಈ ಕಾಲ ತೊಗೊಂಡ ನಾ ಎಲ್ಲಿಗಿ ಓಡಿ ಹೋಗ್ಲಿ?”